ಕೆರೆ ಕಾಣುವ ಮನೆ

ಪೇಟೆಯ ಗದ್ದಲಕ್ಕೆ ಬೇಸತ್ತ ಬೆಕ್ಕೊಂದು, ಇನ್ನೂ ಕಣ್ಣು ಬಿಡದ ಮರಿಗಳೊಡನೆ ತರಕಾರಿ ಲಾರಿಯಲ್ಲಿ ಹಳ್ಳಿಗೆ ಬಂದಿಳಿಯಿತು. ಮಕ್ಕಳು ಬೆಳೆದರೆ ಹಳ್ಳಿಯ ಗಾಳಿಯಲ್ಲೇ ಬೆಳೆಯಬೇಕೆಂದು ಅದರ ಹಟ. ಆದರೆ ಬೆಕ್ಕಿನ ಜಾತಿ, ಮರಿಗಳನ್ನು ಏಳು ಮನೆ ತಿರುಗಿಸದೆ ಬಿಟ್ಟೀತೇ? ಗಿರಣಿಯಲ್ಲಿ ಸದ್ದು ಜಾಸ್ತಿ, ಶಾಲೆಯ ಅಟ್ಟದಲ್ಲಿ ಮಗ್ಗಿಯ ಕಾಟ, ಗೌಡರ ಮನೆಯಲ್ಲಿ ಒಗ್ಗರಣೆಯ ಘಾಟು. ಅಲೆದೂ ಅಲೆದೂ ಕೊನೆಗೆ ಎಮ್ಮೆಯ ಕೊಟ್ಟಿಗೆಗೆ ಬಂತು.

"ಮನೆ ಸಿಗುವ ತನಕ ಇವು ಇಲ್ಲಿರಲಿ," ಎಂದಿತು, ಮೂಗು ಮುರಿಯುತ್ತಾ.

"ಇರಲಿ ಬಿಡು. ಎಂಥ ಮನೆ ಬೇಕು ನಿನಗೆ?" ಎಂದು ಎಮ್ಮೆ ಮೆಲುಕು ಹಾಕುತ್ತಾ ಕೇಳಿತು.

"ನನಗೇನೂ ಬೇಡಮ್ಮ, ಎಲ್ಲ ಮಕ್ಕಳಿಗಾಗಿ. ಕಿಟಕಿಯಿಂದ ಕೆರೆ ಕಾಣಬೇಕು."

"ಮಕ್ಕಳಿನ್ನೂ ಕಣ್ಣೇ ಬಿಟ್ಟಿಲ್ಲವಲ್ಲೇ!"

"ಬಿಟ್ಟ ಕೂಡಲೇ ಕೆರೆಯೇ ಕಾಣಲಿ ಅಂತ."

ಹಾಲೂಡಿಸಲು ಓಡಿ ಬರುವುದು, ಮತ್ತೆ ಮನೆ ನೋಡಲು ಓಡುವುದು, ಇದೇ ಆಯಿತು ಬೆಕ್ಕಿನ ಬಾಳು. ಈ ಓಡಾಟದಲ್ಲಿ ಮರಿಗಳು ಕಣ್ಣು ಬಿಟ್ಟದ್ದೂ ಅದರ ಗಮನಕ್ಕೆ ಬರಲಿಲ್ಲ. ಅಂತೂ ಒಂದು ಮಧ್ಯಾಹ್ನ ಕೆರೆ ಏರಿಯ ಪಕ್ಕ, ದೊಡ್ಡ ಕಿಟಕಿಯ ಖಾಲಿ ಮನೆಯೊಂದು ಸಿಕ್ಕಿತು. ಏದುಸಿರು ಬಿಡುತ್ತಾ ಕೊಟ್ಟಿಗೆಗೆ ಬಂದು ನೋಡಿದರೆ, ಮರಿಗಳು ಎಮ್ಮೆಯ ಕರುವಿನ ಬೆನ್ನೇರಿ ಅದರ ಬಾಲಕ್ಕಾಗಿ ಜಗಳವಾಡುತ್ತಿದ್ದವು.

"ಹೊರಡಿ ಮಕ್ಕಳೇ, ಕೆರೆ ಕಾಣುವ ಮನೆ ಸಿಕ್ಕಿತು!" ಎನ್ನುತ್ತಾ ಬೆಕ್ಕು ದೊಡ್ಡ ಮರಿಯ ಕತ್ತಿಗೆ ಬಾಯಿ ಹಾಕಿತು. ಮರಿ ಈಗ ಎತ್ತಲಾರದಷ್ಟು ಬೆಳೆದಿತ್ತು. ಸುಲಭವಾಗಿ ನುಣುಚಿಕೊಂಡು ಮತ್ತೆ ಕರುವಿನ ಬೆನ್ನೇರಿತು.

"ಕೆರೆ ನೀನು ನೋಡಿಕೊಂಡು ಬಾ ಅಮ್ಮಾ," ಎಂದಿತು. "ನಾವು ಮನೆಯಲ್ಲೇ ಇರ್ತೀವಿ."