ಡಬ್ಬಿಯೊಳಗಿನ ಡಾಲರು

ಬೆಲೆ ಕಟ್ಟಿಸಿಕೊಳ್ಳಲು ಅಕ್ಕಸಾಲಿಗರ ಅಂಗಡಿಗೆ ಬಂದ ಅಮೆರಿಕದ ಸ್ಮರಣಾರ್ಥ ಬೆಳ್ಳಿ ಡಾಲರು ಡಬ್ಬಿಯೊಳಗಿಂದಲೇ ತಕ್ಕಡಿಗೆ ಹೇಳಿತು: "ನಾನು ಸಂತೆಯಲ್ಲಿ ತಿರುಗುವ ನಾಣ್ಯವಲ್ಲ. ಬಹಳ ಅಪರೂಪದವನು."

"ನಿಮ್ಮ ಜೊತೆ ಅಚ್ಚಾದವರು ಎಷ್ಟು ಮಂದಿ, ಸ್ವಾಮಿ?" ಎಂದಿತು ತಕ್ಕಡಿ.

"ಬರೀ ಐದು ಲಕ್ಷ."

ಚಿನ್ನ ತೂಗುವ ಗುಲಗಂಜಿ ಆ ಕಡೆ ತಿರುಗಿ ನಕ್ಕಿತು.

"ಸಂತೋಷ. ಹೊರಗೆ ಬನ್ನಿ, ತೂಗಿ ನೋಡೋಣ," ಎಂದಿತು ತಕ್ಕಡಿ.

"ಛೆ ಛೆ! ಡಬ್ಬಿ ಬಿಟ್ಟರೆ ನನ್ನ ಬೆಲೆ ಅರ್ಧಕ್ಕಿಳಿಯುತ್ತದೆ."

"ಹಾಗಾದರೆ ಉಳಿದರ್ಧ ಈ ಡಬ್ಬಿಯಮ್ಮನದು! ಅವರನ್ನು ಮಾತಾಡಿಸದೆ ತಪ್ಪು ಮಾಡಿದೆ. ಕ್ಷೇಮವೇ, ತಾಯಿ?"

ಇದುವರೆಗೆ ಯಾರೂ ವಿಚಾರಿಸಿರದ ಡಬ್ಬಿ ಉಬ್ಬಿಹೋಗಿ, ಉತ್ತರ ಕೊಡಲು ಬಾಯಿ ತೆರೆಯಿತು. ಡಾಲರು ಜಾರಿ ತಟ್ಟೆಗೆ ಬಿತ್ತು.

"ಇಪ್ಪತ್ತಾರೂ ಮುಕ್ಕಾಲು ಗ್ರಾಂ," ಎಂದಿತು ತಕ್ಕಡಿ. "ಉಳಿದ ಐದು ಲಕ್ಷ ಮಂದಿಗೂ ತಿಳಿಸಿಬಿಡಿ, ಸ್ವಾಮಿ."