ಇಳಿದವರೆಲ್ಲ ನಮ್ಮೂರವರು

ನನ್ನನ್ನು ಆಸ್ಥಾನದ ಜಾಣ ಅನ್ನುತ್ತಾರೆ. ಕಾರಣ ಇಷ್ಟೇ: ನಮ್ಮ ತಗ್ಗಿನಹಟ್ಟಿಯಿಂದ ರಾಜಧಾನಿಗೆ ಹೇಗೋ ಬಂದು ಮುಟ್ಟಿದವನು ನಾನೊಬ್ಬನೇ. ನನಗಿಂತ ಜಾಣರು ಇನ್ನೂ ಏರು ಹತ್ತುತ್ತಿದ್ದಾರೆ.

ಊರಿರುವುದು ಎರೆಮಣ್ಣಿನ ತಗ್ಗಿನಲ್ಲಿ. ಮಳೆಗಾಲದಲ್ಲಿ ಇಳಿಯಲು ಏನೂ ಕಷ್ಟವಿಲ್ಲ, ಜಾರಿದರೆ ಸಾಕು. ಹತ್ತಬೇಕೆಂದರೆ ಮಾತ್ರ ಕೆಸರು ಒಣಗಬೇಕು. ನನ್ನ ತಂಗಿ ನೀಲವ್ವನ ಮೊದಲ ಹೆರಿಗೆಗೆ ಸೂಲಗಿತ್ತಿಯನ್ನು ಕರೆದಿದ್ದೆವು. "ಇಳಿದರೆ ವಾಪಸ್ ಹೇಗೆ ಬರಲಿ?" ಅಂತ ಆಕೆ ಕೆಸರು ಒಣಗಿದ ಮೇಲೆ ಬಂದಳು. ಅಷ್ಟರಲ್ಲಿ ಮಗುವಿಗೆ ಹಲ್ಲು ಮೂಡಿತ್ತು. ನಗುತ್ತಾ ಹೇಳುತ್ತೇನೆ, ಆದರೆ ತಂಗಿ ಅವತ್ತು ಸಾಯದೆ ಉಳಿದದ್ದೇ ದೊಡ್ಡದು. ಅವಳು ಮತ್ತೆ ಬಸುರಿಯಾಗಿದ್ದಳು. ನನಗೆ ಊಟ ಸೇರುತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ನಮ್ಮ ಕೆಂಚರಾಜರು ಮೀಸೆ ತಿರುವಿದರು. "ನನ್ನ ರಾಜ್ಯದಲ್ಲಿ ಗಾಡಿ ಹೋಗದ ಊರೇ ಇಲ್ಲ!"

"ನಮ್ಮೂರು ಇದೆ ಪ್ರಭು," ಅಂದೆ.

ಮಂತ್ರಿ ವೀರಭದ್ರಯ್ಯ ನಕ್ಕರು. "ಅರವತ್ತು ತಲೆಯದ್ದು ಒಂದು ಊರೇ? ನೂರು ಜನರಿಲ್ಲದ ಕಡೆಗೆ ದಾರಿ ಮಾಡಿಸುವ ಪದ್ಧತಿ ಇಲ್ಲ. ಅದರಲ್ಲೂ ಒಂದು ಹುಣ್ಣಿಮೆ ಕಳೆಯುವವರೆಗೆ ಯಾವ ಊರಿನ ನೀರು ಕುಡಿದರೋ ಆ ಊರಿನವರು, ಅದು ಕಾನೂನು. ನೀನು ಕುಡಿಯುವುದು ಅರಮನೆಯ ನೀರು. ನಿನ್ನನ್ನೂ ಕಳೆ!"

"ಕಳೆಯಿರಿ ಸ್ವಾಮಿ. ಆದರೂ ನೂರಿದ್ದಾರೆ. ಇಲ್ಲದಿದ್ದರೆ ನನ್ನ ತಲೆ ಬೋಳಿಸಿ ಕತ್ತೆ ಮೇಲೆ ಕೂರಿಸಿ."

ನನ್ನ ತಲೆಯಲ್ಲಿ ಕೂದಲೇ ಇರಲಿಲ್ಲ. ಕತ್ತೆಯ ಭಯ ಮಾತ್ರ ನಿಜವಾಗಿಯೂ ಇತ್ತು.

ಎಣಿಸಲು ಮಳೆಯಲ್ಲೇ ಕರಣಿಕರು ಹೋದರು. ಬರಲಿಲ್ಲ. ಅವರನ್ನು ಕರೆತರಲು ಸಿಪಾಯಿಗಳು ಹೋದರು. ಅವರೂ ಬರಲಿಲ್ಲ. "ಥೂ, ಕೆಲಸಕ್ಕೆ ಬಾರದವರು!" ಅಂತ ಮಂತ್ರಿಗಳೇ ಪಲ್ಲಕ್ಕಿ ಹತ್ತಿದರು. ಜೊತೆಗೆ ಅಡುಗೆಯವನು, ಕ್ಷೌರಿಕ, ಎಲೆ ಅಡಿಕೆ ಮಡಿಸುವವನು. ಸುದ್ದಿಯೇ ಇಲ್ಲ.

ಹುಣ್ಣಿಮೆ ಕಳೆಯಿತು. ಮಳೆ ಮಾತ್ರ ಬಿಡಲಿಲ್ಲ. ಕೊನೆಗೆ ರಾಜರೇ ನನ್ನನ್ನು ಎಳೆದುಕೊಂಡು ಹೊರಟರು. ತಗ್ಗಿನ ಅಂಚಿಗೆ ಬಂದು, ಆನೆಯಿಂದ ಇಳಿದು, "ಎಲ್ಲಯ್ಯಾ ಊರು?" ಅಂತ ಬಗ್ಗಿದರು.

ಜರ್ರನೆ ಜಾರಿದರು. ಹಿಡಿಯಲು ಹೋಗಿ ನಾನೂ ಜಾರಿದೆ. ಮಹಾಜಾಣನಲ್ಲವೇ!

ಕೆಳಗೆ ನೋಡಿದರೆ ಮಂತ್ರಿಗಳು ಸೊಂಟಕ್ಕೆ ಗೋಣಿತಾಟು ಸುತ್ತಿಕೊಂಡು ನೀಲವ್ವನ ಮಗನನ್ನು ಹೆಗಲ ಮೇಲೆ ಆಡಿಸುತ್ತಿದ್ದರು.

"ಅಣ್ಣಾ, ಇಷ್ಟು ಜನಕ್ಕೆ ರೊಟ್ಟಿ ತಟ್ಟಿ ತಟ್ಟಿ ನನ್ನ ಕೈ ಬಿದ್ದುಹೋಯಿತು!" ಅಂದಳು ನೀಲವ್ವ, ಏಳು ತಿಂಗಳ ಹೊಟ್ಟೆ ಹಿಡಿದುಕೊಂಡು.

"ಎಣಿಸಿದಿರಾ?" ರಾಜರು ಕೆಸರು ಉಗುಳುತ್ತಾ ಕೇಳಿದರು.

ಮಂತ್ರಿಗಳು ತಲೆ ತಗ್ಗಿಸಿದರು. "ಎಣಿಸಿದೆ ಪ್ರಭು. ಕಾನೂನಿನ ಪ್ರಕಾರ ನಾವೆಲ್ಲ ಇಲ್ಲಿಯವರೇ. ಈ ಜಾಣನನ್ನು ಸೇರಿಸಿದರೂ ತೊಂಬತ್ತೊಂಬತ್ತು."

"ಹಾಹಾ! ಒಂದು ಕಡಿಮೆ! ತರಿಸಿ ಕತ್ತೆ!"

"ಕತ್ತೆ ಇಳಿಯುತ್ತದೆ ಪ್ರಭು, ಮೆರವಣಿಗೆಗೆ ಹತ್ತುವುದಿಲ್ಲ," ಅಂದೆ. "ನೀವು ಮುಂದಿನ ಹುಣ್ಣಿಮೆಯೊಳಗೆ ಹತ್ತಿ ಹೋಗುವುದಾದರೆ ನಾನು ಸೋತೆ. ಇಲ್ಲವಾದರೆ ನೂರನೆಯವರು ತಾವೇ."

ರಾಜರು ಏರಿನ ಕಡೆ ನೋಡಿದರು. ತಮ್ಮ ಕಾಲು ನೋಡಿಕೊಂಡರು. ಆಮೇಲೆ ಮೇಲಿದ್ದವರಿಗೆ ಕೂಗಿದರು: "ಏ! ನಿಂತು ನೋಡ್ತೀರೇನು? ಕಲ್ಲು ಹಾಸಿ! ಗಾಡಿ ಇಳಿಯೋ ಹಾಗೆ ದಾರಿ ಮಾಡಿ!"

ಮೇಲಿನವರು ಮೇಲಿಂದ, ನಾವು ಕೆಳಗಿನಿಂದ ಕಲ್ಲು ಹಾಸಿದೆವು. ಮುಗಿಯುವಷ್ಟರಲ್ಲಿ ಹುಣ್ಣಿಮೆ ಕಳೆದಿತ್ತು. ದಾರಿಯಲ್ಲಿ ಮೊದಲು ಹತ್ತಿದವರು ರಾಜರು. ಮೊದಲು ಗಾಡಿಯಲ್ಲಿ ಇಳಿದವಳು ಸೂಲಗಿತ್ತಿ. ಈ ಸಲ ಮಗುವಿಗಿಂತ ಮೊದಲೇ ಬಂದಳು. ತಂಗಿಯ ಹಸುಗೂಸಿನ ಮೊದಲ ಅಳು ಕೇಳಿ ನಾನೂ ಗೊಳೋ ಅಂತ ಅತ್ತುಬಿಟ್ಟೆ.

ಆಸ್ಥಾನಕ್ಕೆ ಮರಳಿದಾಗ ರಾಜರು ಕೆಣಕಿದರು. "ನಾವೆಲ್ಲ ಹೊರಟು ಬಂದೆವಲ್ಲ, ಈಗ ಅಲ್ಲಿ ನೂರಿಲ್ಲ. ದಾರಿ ಕೀಳಿಸಲೇ?"

"ಧಾರಾಳವಾಗಿ ಪ್ರಭು. ಕೀಳುವವರನ್ನು ಕೆಳಗಿಳಿಸಿ. ಕಿತ್ತು ಮುಗಿಸುವಷ್ಟರಲ್ಲಿ ಅವರೂ ನಮ್ಮೂರವರೇ ಆಗಿರುತ್ತಾರೆ."