ಬರಿಗಡಿಗೆ ದಿಣ್ಣೆ

ಮರಡಿಕೋಟೆಯ ಬಡಗಣ ಬಾಗಿಲಿನಿಂದ ಒಂದು ಕೂಗಳತೆ ದೂರದಲ್ಲಿ ಉದ್ದನೆಯ ದಿಣ್ಣೆಯೊಂದಿದೆ. ಅದರ ಬೆನ್ನಿಗೆ ಅರ್ಧ ಮುಚ್ಚಿಹೋದ ಕಂದಕ, ಒಳಗೆಲ್ಲ ಜಾಲಿಮುಳ್ಳು. ಹೊಸಬರು ಇದನ್ನು ಹಳೆಯ ಕಾಲುವೆ ಎಂದುಕೊಳ್ಳುತ್ತಾರೆ. ಕಾಲುವೆಯೂ ಅಲ್ಲ, ಗೀಲುವೆಯೂ ಅಲ್ಲ. ಮನುಷ್ಯರು ಹನ್ನೊಂದು ತಿಂಗಳು ಹೆಗ್ಗಣಗಳ ಹಾಗೆ ಬದುಕಿದ ಜಾಗ ಅದು. ಊರವರ ಬಾಯಲ್ಲಿ ಅದರ ಹೆಸರು ಬರಿಗಡಿಗೆ ದಿಣ್ಣೆ.

ಹಿಂದೆ ಒಮ್ಮೆ ಈ ಸೀಮೆಯ ಪಾಳೆಯಗಾರ ತೀರಿಕೊಂಡಾಗ ಗದ್ದುಗೆಗಾಗಿ ಅವನ ಮಕ್ಕಳಿಬ್ಬರು ಬಡಿದಾಡಿದರಂತೆ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು. ಸತ್ತವರು ಮಾತ್ರ ಕಂಡವರ ಮಕ್ಕಳು. ಮೂರನೆಯ ವರ್ಷಕ್ಕೆ ಕಿರಿಯವನು ಕೋಟೆಯೊಳಗೆ ಸಿಕ್ಕಿಬಿದ್ದ. ಹಿರಿಯವನ ಕಾಲಾಳುಗಳು ಹೊರಗೆ ಕಂದಕ ತೋಡಿ ಕುಳಿತರು. ಆ ಪಡೆಯ ನಾಯಕವಾಡಿ ಪಾಲಯ್ಯ. ಅವನ ಒಡಹುಟ್ಟಿದ ಅಕ್ಕ ಬೋರವ್ವನನ್ನು ಕೊಟ್ಟದ್ದು ಇದೇ ಕೋಟೆಯೊಳಗಿನ ಮನೆಗೆ. ಕೋಟೆ ಬೇಗ ಮಣಿದರೆ ಅಕ್ಕ ಉಳಿದಾಳು ಎಂಬುದೊಂದೇ ಅವನ ಆಸೆ.

ಐದು ಆಳಿಗೆ ಒಂದು ಒಲೆ ಹೂಡುವುದು ಆಗಿನ ರೂಢಿ. ಕೋಟೆಯ ಮೇಲಿನ ಕಾವಲಿನವರು ಹೊಗೆ ಎಣಿಸಿಯೇ ಹೊರಗಿನ ಬಲ ಅಳೆಯುತ್ತಿದ್ದರು ಎನ್ನುತ್ತಾರೆ. ಮಳೆಗಾಲ ಬಂತು. ಕಂದಕದಲ್ಲಿ ನೀರು ನಿಂತು, ಕಾಲು ಕೊಳೆತು, ವಾಂತಿಭೇದಿ ಹತ್ತಿ, ಐನೂರು ಆಳು ನೂರಕ್ಕಿಳಿಯಿತು. ಧಾನ್ಯದ ಬಂಡಿಗಳೂ ನಿಂತುಹೋದವು. ಆಗ ಪಾಲಯ್ಯನೇ ಉಪಾಯ ಹೂಡಿದ: ಸತ್ತವರ ಒಲೆಯೂ ಆರಕೂಡದು. ನೂರು ಒಲೆಗೂ ಗಡಿಗೆ ಏರಿಸಿ, ಬರೀ ನೀರು ಕಾಯಿಸಿ, ಹಸಿ ಸೌದೆ ತುರುಕಿ ಹೊಗೆ ಎಬ್ಬಿಸಿದರು. "ಇದನ್ನ ಕಂಡು ಅವರ ಎದೆ ಒಡೀಲಿ, ಬಾಗಿಲು ತೆಗೀಲಿ" ಎನ್ನುತ್ತಿದ್ದ. ಪಾಪ, ಅವನಿಗೇನು ಗೊತ್ತು.

ಇಪ್ಪತ್ತು ದಿನಕ್ಕೆ ಬಾಗಿಲು ತೆರೆಯಿತು, ನಿಜ. ಬಂದದ್ದು ಶರಣಾದ ಪಡೆಯಲ್ಲ. ಮುದುಕರು, ಹೆಂಗಸರು, ಕೂಸುಗಳು, ಹೀಗೆ ಕಾದಾಡಲಾರದ ಬಾಯಿಗಳನ್ನೆಲ್ಲ ಹೊರಗೆ ನೂಕಿ ಮತ್ತೆ ಅಗುಳಿ ಜಡಿದರು. "ಅಷ್ಟು ಒಲೆ ಉರಿಸೋ ಧಣಿಗಳು ನಿಮಗೂ ಎರಡು ತುತ್ತು ಹಾಕ್ತಾರೆ, ಹೋಗಿ" ಎಂದನಂತೆ ಒಳಗಿನ ಕಿರಿಯ ನಾಯಕ.

ಬೋರವ್ವ ಕಂದಕದ ಅಂಚಿಗೆ ಬಂದು ಪಾಲಯ್ಯನ ಗುರುತು ಹಿಡಿದಳು. "ನೀನಿದ್ದೀಯಲ್ಲ, ಬದುಕಿದೆ ಕಣಪ್ಪಾ. ದಿನಾ ನಿಮ್ಮ ಹೊಗೆ ನೋಡ್ಕೊಂಡೇ ಜೀವ ಹಿಡ್ಕೊಂಡಿದ್ದೆ" ಎಂದವಳೇ ಹತ್ತಿರದ ಗಡಿಗೆಯ ಮುಚ್ಚಳ ತೆಗೆದಳು. ಬಿಸಿನೀರು. ಪಕ್ಕದ್ದು ತೆಗೆದಳು, ಅದರ ಪಕ್ಕದ್ದು ತೆಗೆದಳು.

"ಎಲ್ಲಾ ಹಿಂಗೇನಾ, ತಮ್ಮಾ?"

"ಹೂಂ ಅಕ್ಕಾ."

ಒಲೆಯ ಪಕ್ಕ ಕುಳಿತವಳು ಮೂರನೆಯ ದಿನ ಅಲ್ಲೇ ಕಣ್ಣು ಮುಚ್ಚಿದಳು. ಜೊತೆಯಲ್ಲಿ ಬಂದವರಲ್ಲಿ ಉಳಿದವರು ಕೆಲವರೇ. ಮುಂದಿನ ತಿಂಗಳು ಅಣ್ಣತಮ್ಮಂದಿರು ರಾಜಿಯಾಗಿ ಒಂದೇ ಪಂಕ್ತಿಯಲ್ಲಿ ಕೂತು ಉಂಡರಂತೆ. ಅವರ ಮನೆ ಹಾಳಾಗ.

ಈಗ ದಿಣ್ಣೆ ಹತ್ತಿದವರಿಗೆ ಮೂರು ಮೂರು ಗುಂಡುಕಲ್ಲುಗಳ ಸಾಲು ಕಾಣುತ್ತದೆ. ಕೊನೆಯ ಒಲೆಯ ಮೇಲೆ ಕಲ್ಲಿನ ಗಡಿಗೆಯೊಂದಿದೆ. ಪಾಲಯ್ಯನೇ ಕಡೆಸಿದ್ದು ಎನ್ನುತ್ತಾರೆ. ಆ ದಾರಿಯಲ್ಲಿ ಹೋಗುವ ಹೆಂಗಸರು ಮಡಿಲಿನ ಕಾಳಿನಲ್ಲಿ ಒಂದು ಹಿಡಿ ಅದಕ್ಕೆ ಹಾಕುತ್ತಾರೆ. ಬರಿಗೈಯವರು ದಿಣ್ಣೆ ಬಳಸಿಕೊಂಡು ದೂರದಿಂದಲೇ ಹೋಗುತ್ತಾರೆ. ಆ ಗಡಿಗೆಯೊಳಗೆ ಇಣುಕಿ, ಏನೂ ಇಲ್ಲದ್ದನ್ನು ನೋಡುವ ಧೈರ್ಯ ಊರಲ್ಲಿ ಇಂದಿಗೂ ಯಾರಿಗೂ ಇಲ್ಲ.